23ನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು?

ಫೋನ್ ಕೈಯಲ್ಲೇ ಇದೆ, ಕ್ಯಾಲ್ಕ್ಯುಲೇಟರ್ ತೆಗೆದರೆ 5.75 ಅನ್ನುತ್ತೆ. ಸರಿ. ಆದರೆ ಆಫೀಸಿನ 23 ಜನ ಟ್ರಿಪ್ ಹೊರಟಿದ್ದೀರಿ, ಒಂದು ಕಾರಿಗೆ ನಾಲ್ಕೇ ಜನ ಅಂದುಕೊಳ್ಳಿ. 5.75 ಕಾರು ಬುಕ್ ಮಾಡೋಕಾಗಲ್ಲ, 6 ಬೇಕು. 23 ಮೀಟರ್ ಬಟ್ಟೆಯಲ್ಲಿ ನಾಲ್ಕು ಮೀಟರಿನ ಪರದೆ ಎಷ್ಟಾಗುತ್ತೆ ಅಂತ ಟೈಲರ್‌ನ ಕೇಳಿದರೆ 5 ಅನ್ನುತ್ತಾರೆ, ಉಳಿದ ತುಂಡಿಗೆ ದಿಂಬಿನ ಕವರ್ ಹೊಲಿಸಿಕೊಳ್ಳಬೇಕು. ನಾಲ್ಕು ಜನ ರೂಮ್‌ಮೇಟ್‌ಗಳು ಒಂದನೇ ತಾರೀಕಿನಿಂದ ಸರದಿಯಲ್ಲಿ ಅಡುಗೆ ಮಾಡ್ತಿದ್ದೀರಿ, 23ನೇ ತಾರೀಕು ಯಾರದ್ದು? ಇಲ್ಲಿ ಬೇಕಾಗಿರೋದು ಶೇಷ, ಅಂದರೆ 3. ಮೂರನೆಯವರು ಅವತ್ತು ಒಲೆ ಹಚ್ಚಬೇಕು.

ಲೆಕ್ಕ ಒಂದೇ, ಉತ್ತರ ನಾಲ್ಕು. ಯಾವುದು ಸರಿ ಅನ್ನೋದು ಅಂಕಿಯಲ್ಲಿಲ್ಲ, ಪ್ರಶ್ನೆಯಲ್ಲಿದೆ. ಮಕ್ಕಳಿಗೆ ಭಾಗಾಕಾರ ಕಷ್ಟವಾಗೋದು ಇಲ್ಲೇ ಅಂತ ನನಗೀಗ ಅನ್ನಿಸುತ್ತಿದೆ.

ಅಕ್ಕನ ಮಗಳು ನಾಲ್ಕನೇ ಕ್ಲಾಸು. ಮಗ್ಗಿ ಪಟಪಟ ಹೇಳ್ತಾಳೆ. ಭಾಗಿಸು, ಗುಣಿಸು, ಕಳೆ, ಕೆಳಗಿಳಿಸು ಅನ್ನೋ ಕ್ರಮವೂ ಬಾಯಿಪಾಠ. ಆದರೆ ಲೆಕ್ಕ ವಾಕ್ಯದಲ್ಲಿ ಬಂತೋ, ವೀಡಿಯೊ ಕಾಲ್ ನನಗೆ. "ಮಾಮ, ಇದು ಗುಣಿಸೋದಾ, ಭಾಗಿಸೋದಾ? ಅದೊಂದು ಹೇಳು, ಉಳಿದಿದ್ದು ನಾನು ಮಾಡ್ಕೋತೀನಿ." ಕಳೆದ ಟೆಸ್ಟ್ ಆದಮೇಲೆ "ನಂಗೆ ಗಣಿತ ಆಗಲ್ಲ ಬಿಡು" ಅಂದಳು. ಒಂಬತ್ತು ವರ್ಷಕ್ಕೇ ಆ ತೀರ್ಮಾನ. ಅಕ್ಕ ಟ್ಯೂಷನ್ ಹುಡುಕುತ್ತಿದ್ದಾಳೆ. ನನಗೇನೋ ಅವಳಿಗೆ ಇನ್ನೂ ನೂರು ಲೆಕ್ಕ ಬೇಕಾಗಿಲ್ಲ, ಭಾಗಾಕಾರ ಏನು ಕೇಳ್ತಿದೆ ಅಂತ ಗೊತ್ತಾಗಬೇಕು ಅಷ್ಟೆ ಅನ್ನಿಸಿತು.

ಅದು ಕೇಳೋದು ಎರಡು ಬೇರೆ ಪ್ರಶ್ನೆ. 12 ಲಾಡು, ಮೂರು ಜನ, ಒಬ್ಬೊಬ್ಬರಿಗೆ ಎಷ್ಟು? ಇದು ಹಂಚೋದು. 12 ಲಾಡು, ಒಂದು ಡಬ್ಬಿಗೆ ಮೂರು, ಎಷ್ಟು ಡಬ್ಬಿ ಬೇಕು? ಇದು ಅಳೆಯೋದು. ಎರಡಕ್ಕೂ ಉತ್ತರ 4. ಆದರೆ ನಿಜವಾದ ಲಾಡು ಮುಂದಿಟ್ಟುಕೊಂಡು ಮಾಡಿ ನೋಡಿ, ಕೈ ಆಡೋ ರೀತಿಯೇ ಬೇರೆ. ಮೊದಲನೆಯದರಲ್ಲಿ ನಿನಗೊಂದು, ನಿನಗೊಂದು ಅಂತ ಸುತ್ತು ಬರ್ತೀರಿ. ಎರಡನೆಯದರಲ್ಲಿ ಮೂರು ಮೂರು ಎತ್ತಿ ಡಬ್ಬಿಗೆ ಹಾಕ್ತಾ ಹೋಗ್ತೀರಿ. ನಮ್ಮ ಭಾಷೆಯ ಪದವೇ ಮೊದಲನೆಯದರ ಕಡೆ ವಾಲುತ್ತೆ. ಊರಲ್ಲಿ 'ಭಾಗ ಆಯ್ತು' ಅಂದರೆ ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು ಅಂತಲೇ ಅರ್ಥ. ಹಾಗಾಗಿ ಮಗುವಿಗೆ ಹಂಚೋದು ಕಂಡರೆ ಭಾಗಾಕಾರ ಅಂತ ಹೊಳೆಯುತ್ತೆ, ಅಳೆಯೋದು ಬಂದರೆ ಹೊಳೆಯಲ್ಲ.

ಇನ್ನು ಆ ಉದ್ದನೆಯ ಭಾಗಾಕಾರ. ಇದಕ್ಕೆ ನೋಟುಗಳಷ್ಟು ಒಳ್ಳೆಯ ಮೇಷ್ಟ್ರಿಲ್ಲ. ಯುಪಿಐ ಬಂದಮೇಲೆ ಮನೆಯಲ್ಲಿ ನೋಟು ಸಿಗೋದೇ ಕಷ್ಟ, ಚೀಟಿಯಲ್ಲಿ ಬರೆದುಕೊಂಡರೂ ಆಯ್ತು. 432 ರೂಪಾಯಿ, ಮೂರು ಜನ. ನೂರರ ನೋಟು ನಾಲ್ಕು, ತಲಾ ಒಂದು ಕೊಟ್ಟರೆ ಒಂದು ಉಳೀತು. ಅದನ್ನು ಹರಿದು ಹಂಚೋಕಾಗುತ್ತಾ? ಇಲ್ಲ, ಚಿಲ್ಲರೆ ಮಾಡಿಸಬೇಕು. ಹತ್ತರ ನೋಟು ಹತ್ತು ಬಂತು, ಮೊದಲೇ ಇದ್ದ ಮೂರು ಸೇರಿ 13. ತಲಾ ನಾಲ್ಕು, ಮತ್ತೆ ಒಂದು ಉಳೀತು. ಅದಕ್ಕೆ ಒಂದು ರೂಪಾಯಿಯ ನಾಣ್ಯ ಹತ್ತು, ಇದ್ದ ಎರಡು ಸೇರಿ 12. ತಲಾ ನಾಲ್ಕು. ಒಟ್ಟು ತಲಾ 144.

'ಮುಂದಿನ ಅಂಕಿ ಕೆಳಗಿಳಿಸು' ಅಂತ ಸ್ಕೂಲಲ್ಲಿ ಹೇಳ್ತಾರಲ್ಲ, ಅದು ಈ ಚಿಲ್ಲರೆ ಮಾಡಿಸೋ ಕೆಲಸವೇ. ಇದು ತಲೆಗೆ ಹೋದರೆ ಮಕ್ಕಳು ಎಡವುವ ಇನ್ನೊಂದು ಜಾಗವೂ ತಾನೇ ಸರಿಹೋಗುತ್ತೆ. 612ನ್ನು 6ರಿಂದ ಭಾಗಿಸು ಅಂದರೆ 12 ಅಂತ ಬರೆದುಬಿಡ್ತಾರೆ. ನೋಟಿನಲ್ಲಿ ನೋಡಿ: ಆರು ಜನಕ್ಕೆ ತಲಾ ಒಂದು ನೂರು. ಹತ್ತರ ನೋಟು ಇರೋದು ಒಂದೇ, ಆರು ಜನಕ್ಕೆ ಸಾಲಲ್ಲ, ಯಾರಿಗೂ ಇಲ್ಲ. ಆ 'ಯಾರಿಗೂ ಇಲ್ಲ' ಅನ್ನೋದೇ ಮಧ್ಯದ ಸೊನ್ನೆ. ಅದನ್ನು ಚಿಲ್ಲರೆ ಮಾಡಿಸಿದರೆ ನಾಣ್ಯ 12, ತಲಾ ಎರಡು. ಉತ್ತರ 102. ನೂರು ರೂಪಾಯಿ ಕೈಗೆ ಬಂದಮೇಲೆ ಹನ್ನೆರಡೇ ಬಂತು ಅಂತ ಯಾವ ಮಗುವೂ ಹೇಳಲ್ಲ. ನಮ್ಮ ಹುಡುಗಿಯೂ ಹೇಳಲಿಲ್ಲ.

ಅಳೆಯೋ ಅರ್ಥ ಗೊತ್ತಿಲ್ಲದಿದ್ದರೆ ಭಿನ್ನರಾಶಿ ಬಂದಾಗ ದೊಡ್ಡವರೂ ಸಿಕ್ಕಿಬೀಳ್ತಾರೆ. 6ನ್ನು ಅರ್ಧದಿಂದ ಭಾಗಿಸಿದರೆ 12. ಭಾಗಿಸಿದರೆ ಕಮ್ಮಿ ಆಗಬೇಕಲ್ವಾ? ಅರ್ಧ ಮನುಷ್ಯನಿಗೆ ಹಂಚೋದು ಅಂತ ಯೋಚಿಸಿದರೆ ತಲೆ ಕೆಡುತ್ತೆ. ಮನೆಯಲ್ಲಿ ಆರು ಲೀಟರ್ ಹಾಲು ಬೇಕು, ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು ತರಬೇಕು? ಹನ್ನೆರಡು. ಇಷ್ಟೇ ವಿಷಯ. ಭಿನ್ನರಾಶಿಯಿಂದ ಭಾಗಿಸುವಾಗ ತಲೆಕೆಳಗು ಮಾಡಿ ಗುಣಿಸುವ ನಿಯಮವನ್ನು 9ನೇ ಶತಮಾನದಲ್ಲೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, ಅಂದರೆ ನಮ್ಮವರೇ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ನನಗೆ ಅದರ ಮೇಲೇ ಹೆಚ್ಚು ಪ್ರೀತಿ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೇ ಉಳಿಯುತ್ತೆ ಅನ್ನುತ್ತಾರೆ ಮಹಾವೀರಾಚಾರ್ಯರು. ಇವತ್ತಿನ ಗಣಿತ ಒಪ್ಪಲ್ಲ. ಆದರೆ ಹಂಚೋ ಕಣ್ಣಿಂದ ನೋಡಿ: 12 ಲಾಡು ಇದೆ, ತಗೊಳ್ಳೋಕೆ ಯಾರೂ ಬರಲಿಲ್ಲ, ಹನ್ನೆರಡೂ ತಟ್ಟೆಯಲ್ಲೇ ಉಳೀತು. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ಇದೇ ಭಾಗಾಕಾರಕ್ಕೆ 'ಖಹರ' ಅಂತ ಹೆಸರಿಟ್ಟು ಅನಂತದ ಮಾತಾಡಿದರು. ಈಗ ಅಳೆಯೋ ಕಣ್ಣಿಂದ ನೋಡಿ: ಒಂದು ಡಬ್ಬಿಗೆ ಸೊನ್ನೆ ಲಾಡು ಹಾಕ್ತಾ ಹೋದರೆ ಎಷ್ಟು ಡಬ್ಬಿ ಇಟ್ಟರೂ ತಟ್ಟೆ ಖಾಲಿಯಾಗಲ್ಲ. ಅವರಿಬ್ಬರೂ ಹೀಗೇ ಯೋಚಿಸಿದರು ಅಂತ ನಾನು ಹೇಳ್ತಿಲ್ಲ. ಆದರೆ ಎರಡು ಉತ್ತರಗಳೂ ಆ ಎರಡು ಪ್ರಶ್ನೆಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ.

ಇವತ್ತು ನಾವು ಎರಡನ್ನೂ ಬಿಟ್ಟು ತಾಳೆ ನೋಡ್ತೀವಿ. 12ನ್ನು 3ರಿಂದ ಭಾಗಿಸಿದರೆ 4, ಯಾಕಂದರೆ ನಾಲ್ಕು ಮೂರಲೆ ಹನ್ನೆರಡು. ಹಾಗಾದರೆ ಸೊನ್ನೆಯಿಂದ ಭಾಗಿಸಿದ್ದಕ್ಕೆ ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಹನ್ನೆರಡು ಬರಬೇಕು? ಅಂಥದ್ದು ಇಲ್ಲ. ಅದಕ್ಕೇ ಆ ಭಾಗಾಕಾರಕ್ಕೆ ಅರ್ಥವಿಲ್ಲ ಅನ್ನೋದು. ನಮ್ಮ ಕೋಡ್ ಪ್ರಪಂಚದಲ್ಲಿ ಮಾತ್ರ ಜಗಳ ಪೂರ್ತಿ ಮುಗಿದಿಲ್ಲ. ಪೈಥಾನ್‌ಗೆ ಈ ಲೆಕ್ಕ ಕೊಟ್ಟರೆ ಎರರ್ ಎಸೆಯುತ್ತೆ, ಜಾವಾಸ್ಕ್ರಿಪ್ಟ್ ತಣ್ಣಗೆ ಇನ್ಫಿನಿಟಿ ಅನ್ನುತ್ತೆ.

ಮೊನ್ನೆ ಹುಡುಗಿಗೆ ಹೇಳಿದೆ, ಉತ್ತರ ಬೇಡ, 20 ಭಾಗಿಸು 5ಕ್ಕೆ ಎರಡು ಕಥೆ ಬರೆ, ಒಂದು ಹಂಚೋದು, ಒಂದು ಅಳೆಯೋದು. ಮೊದಲನೆಯದರಲ್ಲಿ ಐದು ಜನ ಫ್ರೆಂಡ್ಸ್‌ಗೆ 20 ಚಾಕಲೇಟು. ಎರಡನೆಯದು: "ಅಜ್ಜಿ ಹತ್ರ 20 ಮಾತ್ರೆ ಇದೆ. ದಿನಾ 5 ತಗೋತಾರೆ. ಮಾಮ ಎಷ್ಟು ದಿನ ಆದ್ಮೇಲೆ ಮೆಡಿಕಲ್ ಸ್ಟೋರ್‌ಗೆ ಹೋಗಬೇಕು?" ಟ್ಯೂಷನ್ ವಿಷಯ ಅಕ್ಕ ಇನ್ನೂ ಬಿಟ್ಟಿಲ್ಲ.