ಬೆಸುಗೆ ಹಾಕುವ ಕೈ ಯಾರದು?

‘ಮುಟ್ಟಬೇಡಿ.’ ಈ ಮಾತು ನಮಗೆ ಹೊಸದಲ್ಲ. ಹೋಟೆಲಿನ ಲೋಟ, ಗುಡಿಯ ಹೊಸ್ತಿಲು, ಸೇದೋ ಬಾವಿಯ ಹಗ್ಗ, ಎಲ್ಲದರ ಮುಂದೆಯೂ ನಮ್ಮ ಅಪ್ಪ ಅವ್ವ ಕೇಳಿದ ಮಾತು. ಅದನ್ನೇ ನಾವು ಹೈಸ್ಕೂಲಿನ ವಿಜ್ಞಾನದ ಬೀರುವಿನ ಮುಂದೆ ಕೇಳಿದೆವು. ಗಾಜಿನೊಳಗೆ ಮಲ್ಟಿಮೀಟರು, ವೈರು, ಸೋಲ್ಡರಿಂಗ್ ಐರನ್ನು. ಹೊರಗೆ ಬೀಗ. ಇನ್‌ಸ್ಪೆಕ್ಷನ್ ದಿನ ಧೂಳು ಒರೆಸೋಕೆ ಮಾತ್ರ ನಮ್ಮ ಕೈ ಬೇಕಿತ್ತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕೇರಿಗಳಿಂದ, ಹಾಡಿಗಳಿಂದ ಸ್ಕೂಲಿಗೆ ಹೋದ ನಮಗೆ ‘ಪ್ರಾಜೆಕ್ಟು’ ಅಂದರೆ ಥರ್ಮೋಕೋಲು ಮತ್ತು ಗೋಂದು. ದುಡ್ಡಿದ್ದವರ ಮಗ ಮೈಸೂರಿನಿಂದ ರೆಡಿ ಮಾಡೆಲ್ ಕೊಂಡು ತಂದ, ಅಂಕ ಪಡೆದ. ಅದು ಮಕ್ಕಳ ಪರೀಕ್ಷೆಯೋ, ಅಪ್ಪಂದಿರ ಜೇಬಿನ ಪರೀಕ್ಷೆಯೋ?

ಕೈಕೆಲಸದ ಮೂಲಕವೇ ಓದು ಎಂದು 1937ರಲ್ಲಿ ಗಾಂಧಿ ವಾರ್ಧಾದಲ್ಲಿ ಹೇಳಿದರು. 1966ರಲ್ಲಿ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂದಿತು. ಹೆಸರು ಬದಲಾಯಿತು, ನಮ್ಮ ಕೈಯ ಪೊರಕೆ ಬದಲಾಗಲಿಲ್ಲ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಹಾಕುತ್ತದೆಂದು 1936ರಲ್ಲೇ ಅಂಬೇಡ್ಕರ್ ತೋರಿಸಿದ್ದರಲ್ಲ, ಈ ಆಯೋಗಗಳ ಯಜಮಾನರು ಅದನ್ನು ಓದಿದ್ದರೋ ಇಲ್ಲವೋ!

ಅಷ್ಟಕ್ಕೂ ಬೆಸುಗೆಯಲ್ಲಿ ಏನಿದೆ ಅಂಥಾ ಬ್ರಹ್ಮವಿದ್ಯೆ? 25 ವಾಟಿನ ಐರನ್ನು ಸಾಕು. ಸೀಸದ ತಂತಿಯನ್ನಲ್ಲ, ಕೂಡುವ ಜಾಗವನ್ನು ಕಾಯಿಸಬೇಕು. ಆಮೇಲೆ ತಂತಿ ಮುಟ್ಟಿಸಬೇಕು. ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. 190 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ನೀರಾಗುತ್ತದೆ. ಗಟ್ಟಿಯಾಗುವ ತನಕ ಅಲುಗಾಡಿಸಬಾರದು. ಹೊಳೆದರೆ ಕೂಡಿತು. ಮಂಕಾಗಿ ಗಂಟುಕಟ್ಟಿದರೆ ‘ಡ್ರೈ ಸೋಲ್ಡರ್’, ಮತ್ತೆ ಕಾಯಿಸು. ಕಿಟಕಿ ತೆಗೆದಿರಲಿ, ಸೀಸ ವಿಷ, ಉಣ್ಣೋಕೆ ಮುಂಚೆ ಕೈ ತೊಳೆಯಬೇಕು. 9 ವೋಲ್ಟಿನ ಬ್ಯಾಟರಿ, 470 ಓಮಿನ ರೆಸಿಸ್ಟರು (ಹಳದಿ, ನೇರಳೆ, ಕಂದು ಪಟ್ಟೆ), ಒಂದು ಕೆಂಪು ಎಲ್‌ಇಡಿ. ಹತ್ತಿದರೆ ಸರಿ, ಹತ್ತದಿದ್ದರೆ ತಪ್ಪು. ಮೇಷ್ಟ್ರ ಮುಖ ನೋಡಿ ಉತ್ತರ ಹುಡುಕಬೇಕಾಗಿಲ್ಲ. ಆ ದೀಪಕ್ಕೆ ‘ನೀನು ಯಾವೋರು?’ ಅಂತ ಕೇಳೋಕೆ ಬರೋದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಸೌದೆ ತುರುಕುತ್ತಾ ನಿದ್ದೆಗೆಟ್ಟು ಕೂತವರು ಯಾರು? ನಮ್ಮವರೇ. ತಾಪ ಇಳಿದರೆ ಸೊಪ್ಪು ಕೆಡುತ್ತದೆ, ಬೈಗುಳ ಕೂಲಿಯವನಿಗೆ. ಕಾವಿಗೆ ತಕ್ಕಂತೆ ರೋಧ ಬದಲಿಸುವ ಥರ್ಮಿಸ್ಟರು ಒಂದು, ಟ್ರಾನ್ಸಿಸ್ಟರು ಒಂದು, ಎರಡು ರೆಸಿಸ್ಟರು, ಒಂದು ಬಜರು: ತಾಪ ಇಳಿದಾಗ ಕೂಗಿ ಎಬ್ಬಿಸುವ ಯಂತ್ರವಾಯಿತು. ಹತ್ತನೇ ಕ್ಲಾಸಿನ ಹುಡುಗಿ ಬೆಸುಗೆ ಹಾಕಬಲ್ಲಳು. ಇದು ಯಾಕೆ ಯಾರ ಪ್ರಾಜೆಕ್ಟೂ ಆಗುವುದಿಲ್ಲ? ಜ್ವಾಲಾಮುಖಿಯ ಮಾಡೆಲ್ ಮಾಡಿಸುತ್ತೀರಲ್ಲ, ಕೋಟೆ ತಾಲ್ಲೂಕಿನಲ್ಲಿ ಜ್ವಾಲಾಮುಖಿ ಎಲ್ಲಿದೆ ಸ್ವಾಮಿ?

2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಬಂತು. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಹಣ; 6ರಿಂದ 12ನೇ ತರಗತಿಯ ಮಕ್ಕಳಿಗೆ. 2025ರ ಬಜೆಟ್ಟಿನಲ್ಲಿ, ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಎಂದರು. ಬರಲಿ. ಆದರೆ ನಾವು ಲ್ಯಾಬುಗಳ ಲೆಕ್ಕ ಕೇಳುತ್ತಿಲ್ಲ. ಬೀಗದ ಕೈ ಯಾರ ಹತ್ತಿರ? ಐರನ್ನು ಹಿಡಿದವರು ಯಾರು, ಫೋಟೋದ ಹಿಂದುಗಡೆ ನಿಂತವರು ಯಾರು? ಇದನ್ನು ಕೇಳುತ್ತಿದ್ದೇವೆ.

ಹಳ್ಳಿ ಮೇಷ್ಟ್ರೇ, ನೀವು ನಮ್ಮವರೆಂದೇ ನಿಷ್ಠುರವಾಗಿ ಹೇಳುತ್ತೇವೆ. 20 ಲಕ್ಷ ಬರೋ ತನಕ ಕಾಯಬೇಡಿ. ಪೇಟೆಯಲ್ಲಿ ಕೆಟ್ಟ ರೇಡಿಯೋ ಗುಜರಿಗೆ ಬಿದ್ದಿದೆ, ತನ್ನಿ. ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಬೀರು ತೆಗೆಯಿರಿ, ನಾಲ್ಕು ಮಕ್ಕಳಿಗೆ ಒಂದು ಐರನ್ನು ಕೊಡಿ. ಹಾಜರಿ ಪುಸ್ತಕದ ಕೊನೆಯ ಹೆಸರಿನಿಂದ ಕರೆಯಿರಿ.