ಪ್ರಾರ್ಥನೆ ಆಮೇಲೆ, ಮೊದಲು ರ‍್ಯಾಂಪ್ ಕಟ್ಟಿ

ಬೀದರ್ ಬಿಟ್ಟು ಹೈದರಾಬಾದಿಗೆ ಬಂದು ಮೂವತ್ತು ವರ್ಷ ಆಯ್ತು. ವಾರವಿಡೀ ಬ್ಯಾಂಕು, ಭಾನುವಾರ ಚರ್ಚು. ಇವತ್ತು ಬರೀತಿರೋದು ನಮ್ಮವರಿಗೇ ಸಿಟ್ಟು ತರಿಸಬಹುದು. ತರಿಸಲಿ.

ನನ್ನ ತಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಈಗ ವೀಲ್‌ಚೇರ್ ಮೇಲೆ ಓಡಾಡ್ತಾನೆ. ನಮ್ಮ ಚರ್ಚಿಗೆ ಐದು ಮೆಟ್ಟಿಲು. ಪ್ರತಿ ಭಾನುವಾರ ನಾಲ್ಕು ಹುಡುಗರು ಅವನನ್ನು ಎತ್ತಿ ಒಳಗೆ ತರಬೇಕು. ಒಮ್ಮೆ ಸ್ವಸ್ಥತೆಯ ಕೂಟದಲ್ಲಿ ಬೋಧಕರೊಬ್ಬರು ಅವನನ್ನು ವೇದಿಕೆಗೆ ಹತ್ತಿಸಿ, "ವಿಶ್ವಾಸ ಇದ್ರೆ ಎದ್ದು ನಿಲ್ಲು" ಅಂದರು. ಅವನು ಏಳಲಿಲ್ಲ. ಇವನಿಗೆ ವಿಶ್ವಾಸವೇ ಕಮ್ಮಿ ಅನ್ನೋ ಹಾಗೆ ಜನ ನೋಡಿದರು. ಮನೆಗೆ ಬರುವಾಗ ಅವನು ಹೇಳಿದ್ದಿಷ್ಟು: "ಅಣ್ಣಾ, ನನ್ನ ಕಾಲಿನ ಚಿಂತಿ ಅವರಿಗ್ಯಾಕ? ಒಳಗ ಹೋಗಲಿಕ್ಕ ಒಂದು ದಾರಿ ಮಾಡಿಕೊಡ್ಲಿ, ಸಾಕು."

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಕಪೆರ್ನೌಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಜನಜಂಗುಳಿಯಲ್ಲಿ ದಾರಿ ಸಿಗದೆ ಮಾಳಿಗೆಯನ್ನೇ ಒಡೆದು ಕೆಳಗಿಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನೂ. ರೋಗಿಗೆ ನಂಬಿಕೆಯ ಪರೀಕ್ಷೆ ಇಡಲಿಲ್ಲ. ಅವರು ಪರರ ಮಾಳಿಗೆ ಒಡೆದರು, ನಾವು ನಮ್ಮದೇ ಐದು ಮೆಟ್ಟಿಲು ಮುಟ್ಟೋಕೂ ತಯಾರಿಲ್ಲ!

"ಎತ್ತಿ ತರ್ತೀವಲ್ಲ, ಅದು ಪ್ರೀತಿ ಅಲ್ವಾ?" ಅಂತೀರಿ. ಹುಡುಗರು ಬಾರದ ದಿನ ಅವನು ಹೊರಗೇ. ಐವತ್ತರ ಗಂಡಸನ್ನು ಮೂಟೆ ಥರ ಎತ್ತಿದರೆ ಅವನಿಗೆ ಹೇಗನ್ನಿಸುತ್ತೆ, ಯಾರಾದ್ರೂ ಕೇಳಿದ್ದೀರಾ?

ನಮ್ಮ ಹಿಂದಿನವರು ಹೀಗಿರಲಿಲ್ಲ. ಇಲ್ಲೇ ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯಲ್ಲಿ ಮೆಥಡಿಸ್ಟ್ ಮಿಷನರಿ ಡಾಕ್ಟರ್ ಇಸಾಬೆಲ್ ಕೆರ್ 1915ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಅದಕ್ಕೆ ನೆರವಾದವರು ನರಸಾಗೌಡ ಎಂಬ ಹಿಂದೂ ಧನಿಕರು. ಊರು ಹೊರಗೆ ಹಾಕಿದವರಿಗೆ ಆಕೆ ಬರೀ ಪ್ರಾರ್ಥನೆ ಮಾಡಿ ಕಳಿಸಲಿಲ್ಲ, ಇರೋಕೆ ಜಾಗ, ಔಷಧಿ ಎರಡೂ ಕೊಟ್ಟರು.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಧಾರ್ಮಿಕ ಕಟ್ಟಡವೂ ಸೇರುತ್ತೆ. 2017ರಲ್ಲಿ ನಿಯಮ ಬಂತು, ಹಳೇ ಕಟ್ಟಡಗಳಿಗೆ ಕೊಟ್ಟಿದ್ದ ಐದು ವರ್ಷದ ಗಡುವು 2022ಕ್ಕೇ ಮುಗೀತು. ಎಟಿಎಂಗಳಿಗೆ ರ‍್ಯಾಂಪ್ ಹಾಕಿ ಅಂತ ರಿಸರ್ವ್ ಬ್ಯಾಂಕ್ ನಮಗೆ 2009ರಲ್ಲೇ ಹೇಳಿತ್ತು. ದುಡ್ಡು ತೆಗೆಯೋ ಪೆಟ್ಟಿಗೆಗೆ ಇರೋ ದಾರಿ ದೇವರ ಮನೆಗೆ ಬೇಡವಾ?

ದುಡ್ಡಿಲ್ಲ ಅನ್ನಬೇಡಿ, ನಾನು ಲೆಕ್ಕದವನು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಇಳಿಜಾರು. ನಮ್ಮ ಐದು ಮೆಟ್ಟಿಲು ಸೇರಿ ಎರಡೂವರೆ ಅಡಿ, ಅಂದ್ರೆ ಮೂವತ್ತು ಅಡಿ ರ‍್ಯಾಂಪು. ಗೋಡೆ ಪಕ್ಕ ಎರಡು ಕಾರು ನಿಲ್ಲಿಸೋ ಜಾಗ. ಹೋದ ಕ್ರಿಸ್ಮಸ್‌ಗೆ ಎಲ್‌ಇಡಿ ಪರದೆ ತಂದೆವಲ್ಲ, ಆಗ ದುಡ್ಡಿತ್ತು.

ಪ್ರಾರ್ಥನೆ ಬೇಡ ಅಂತಿಲ್ಲ. ನನ್ನ ತಮ್ಮನೂ ದಿನಾ ಪ್ರಾರ್ಥನೆ ಮಾಡ್ತಾನೆ. ಅವನ ಪ್ರಾರ್ಥನೆಗೆ ಉತ್ತರ ಕೊಡೋದು ಮಾತ್ರ ಈ ಸಲ ನಮ್ಮ ಕೈಯಲ್ಲಿದೆ. ನಿಮ್ಮ ಚರ್ಚು, ಗುಡಿ, ಮಸೀದಿಗೆ ಎಷ್ಟು ಮೆಟ್ಟಿಲು? ಈ ವಾರ ಎಣಿಸಿ ನೋಡಿ.