ಮೂರು ವರ್ಷದ ಮಗುವನ್ನು ವ್ಯಾನ್ ಹತ್ತಿಸಬೇಡಿ

ಬೇಸಿಗೆ ಬಂತೆಂದರೆ ನಮ್ಮ ಊರುಗಳ ಗೋಡೆ, ಕರೆಂಟ್ ಕಂಬ, ಬಸ್ ಸ್ಟ್ಯಾಂಡ್ ತುಂಬ ಒಂದೇ ಬಗೆಯ ಪೋಸ್ಟರ್. 'ಪ್ರವೇಶ ಆರಂಭವಾಗಿದೆ. ನರ್ಸರಿ, ಎಲ್‌ಕೆಜಿ, ಯುಕೆಜಿ. ವ್ಯಾನ್ ಸೌಲಭ್ಯವಿದೆ.' ಪಕ್ಕದಲ್ಲಿ ಟೈ ಕಟ್ಟಿಕೊಂಡ ಮಗುವಿನ ಚಿತ್ರ. ಅದನ್ನು ನೋಡಿದ ಮೇಲೆ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಮಾತು ಶುರುವಾಗುತ್ತದೆ. ಪಕ್ಕದ ಮನೆಯವರು ಸೇರಿಸಿದ್ದಾರೆ, ನಾವು ಸೇರಿಸದಿದ್ದರೆ ಹೆಂಗೆ? ಸಂಘದಲ್ಲಿ ಸಾಲ ಎತ್ತೋಣವೋ, ಎರಡು ಕುರಿ ಮಾರೋಣವೋ?

ನಾವು ಹೇಳುವುದು ಇಷ್ಟು: ಸಾಲ ಮಾಡಿ ಸೇರಿಸಬೇಡಿ. ಆರು ವರ್ಷ ತುಂಬುವವರೆಗೆ ಮಗುವಿಗೆ ಬೇಕಾದ ಅಕ್ಷರ ಮತ್ತು ಲೆಕ್ಕವನ್ನು ನಿಮ್ಮ ಮನೆ ಮತ್ತು ನಿಮ್ಮೂರಿನ ಅಂಗನವಾಡಿ ಕೊಡಬಲ್ಲವು. ಆರು ತುಂಬಿದ ಮೇಲೆ ಶಾಲೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಮಾತಾಡುತ್ತಿರುವುದು ಅದಕ್ಕೆ ಮುಂಚಿನ ಮೂರು ವರ್ಷದ ಬಗ್ಗೆ.

ಒಮ್ಮೆ ಕೂತು ನೀವೇ ಲೆಕ್ಕ ಹಾಕಿ. ಶುಲ್ಕ, ವ್ಯಾನ್ ಬಾಡಿಗೆ, ಎರಡು ಜೊತೆ ಸಮವಸ್ತ್ರ, ಶೂ, ಬ್ಯಾಗು, ಪುಸ್ತಕ, ವಾರ್ಷಿಕೋತ್ಸವದ ಡ್ಯಾನ್ಸ್ ಡ್ರೆಸ್ಸು. ಅದರ ಮೇಲೆ ಸಾಲದ ಬಡ್ಡಿ. ಮೂರು ವರ್ಷದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಮೇಲೆ ಅದೇ ಚೀಟಿಯ ಪಕ್ಕ, ಮಗು ಏನು ಕಲಿಯಿತು ಎಂದು ಬರೆಯಿರಿ.

ಬಹುತೇಕ ಮನೆಗಳಲ್ಲಿ ಬರುವ ಉತ್ತರ: ಎಬಿಸಿಡಿ ಹೇಳುತ್ತಾನೆ, ಒನ್ ಟು ಥ್ರೀ ನೂರರವರೆಗೆ ಹೇಳುತ್ತಾನೆ, ನಾಲ್ಕು ರೈಮ್ಸ್ ಬರುತ್ತದೆ. ನೆಂಟರು ಬಂದಾಗ ನಿಲ್ಲಿಸಿ ಹೇಳಿಸಲು ಚೆನ್ನಾಗಿರುತ್ತದೆ. ಆದರೆ ಅದು ಓದೂ ಅಲ್ಲ, ಲೆಕ್ಕವೂ ಅಲ್ಲ.

ನಂಬಿಕೆ ಬರದಿದ್ದರೆ ಇವತ್ತೇ ಪರೀಕ್ಷೆ ಮಾಡಿ. ನೂರರವರೆಗೆ ಹೇಳುವ ಮಗುವಿನ ಮುಂದೆ ಹತ್ತು ಹುಣಸೆ ಬೀಜ ಸುರಿದು, 'ಅದರಲ್ಲಿ ಐದು ಕೊಡು' ಎನ್ನಿ. ಮುಷ್ಟಿ ತುಂಬ ಬಾಚಿ ಕೊಟ್ಟರೆ ಅದಕ್ಕೆ ಐದು ಎಂದರೇನು ಎಂದು ಇನ್ನೂ ಗೊತ್ತಿಲ್ಲ. ಬಾಯಿಗೆ ನೂರು ಬಂದಿದೆ, ಕೈಗೆ ಐದು ಬಂದಿಲ್ಲ.

ಇದು ಒಂದೆರಡು ಮನೆಯ ಮಾತಲ್ಲ. ದೇಶದ ಹಳ್ಳಿಗಳಲ್ಲಿ ನಡೆಯುವ 'ಅಸರ್' ಸಮೀಕ್ಷೆಯ 2024ರ ವರದಿ ನೋಡಿ. ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 27.1. ಕಳೆಯುವ ಲೆಕ್ಕ ಮಾಡಬಲ್ಲವರು ಶೇ 33.7. ಇದು ಸರ್ಕಾರಿ, ಖಾಸಗಿ ಎರಡೂ ಸೇರಿದ ಲೆಕ್ಕ. ಖಾಸಗಿ ಶಾಲೆಗಳ ಅಂಕಿ ಸರ್ಕಾರಿಗಿಂತ ಮೇಲಿದೆ ಎಂದು ನೀವು ಹೇಳಬಹುದು, ಅದು ನಿಜ. ಆದರೆ ಅಲ್ಲಿಗೆ ಹೋಗುವ ಮಕ್ಕಳ ಮನೆಗಳಲ್ಲಿ ಓದಿದ ಅಪ್ಪ ಅಮ್ಮ ಹೆಚ್ಚು, ಟ್ಯೂಷನ್ ಹೆಚ್ಚು, ಪುಸ್ತಕ ಹೆಚ್ಚು. ಮನೆಯಲ್ಲಿ ಆಗುವ ಕೆಲಸದ ಹೆಸರನ್ನು ಟೈ, ಶೂ ಹೊಡೆದುಕೊಂಡು ಹೋಗುತ್ತಿವೆ.

'ನಾವೇ ಓದಿಲ್ಲ, ನಾವೇನು ಕಲಿಸೋದು?'

ಹಳ್ಳಿ ತಿರುಗುವಾಗ ನಮಗೆ ಎಲ್ಲಕ್ಕಿಂತ ಹೆಚ್ಚು ಕೇಳಿಸುವ ಮಾತು ಇದು. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಹೇಳಿದವರ ಮೇಲಲ್ಲ, ಹಾಗೆ ಹೇಳುವಂತೆ ಮಾಡಿದವರ ಮೇಲೆ. ಸಂತೆಯಲ್ಲಿ ಹೂವನ್ನು ಮೊಳದಲ್ಲಿ ಅಳೆದು ಮಾರುವ ಅಕ್ಕ, ಪಾವು ಸೇರಿನಲ್ಲಿ ರಾಗಿ ಅಳೆಯುವ ಅಜ್ಜಿ, ಡೇರಿಗೆ ಹಾಲು ಹಾಕಿ ವಾರದ ಬಟವಾಡೆಯನ್ನು ಬಾಯಲ್ಲೇ ಲೆಕ್ಕ ಹಾಕುವ ಅಣ್ಣ, ಇವರೆಲ್ಲ ಲೆಕ್ಕ ಬಾರದವರೇ? ಎರಡು ಗೇಣು ಒಂದು ಮೊಳ, ನಾಲ್ಕು ಪಾವು ಒಂದು ಸೇರು ಎಂದು ಮಗುವಿನ ಕೈಯಲ್ಲೇ ಅಳೆಸಿದರೆ ಅರ್ಧ, ಕಾಲು ಎಂಬುದು ಪುಸ್ತಕ ತೆರೆಯುವ ಮೊದಲೇ ಅರ್ಥವಾಗುತ್ತದೆ.

ಲೆಕ್ಕ ಶುರುಮಾಡಲು ಅಕ್ಷರ ಬರಬೇಕಿಲ್ಲ. ಊಟಕ್ಕೆ ಎಷ್ಟು ಜನ, ಎಷ್ಟು ತಟ್ಟೆ ಎಂದು ಕೇಳಿ. ಅವರೆಕಾಯಿ ಸುಲಿಯುವಾಗ ಒಂದೊಂದು ಕಾಯಲ್ಲಿ ಎಷ್ಟು ಕಾಳು ಎಂದು ಎಣಿಸಲಿ. ಸುಲಿಯುವ ಕೆಲಸದಿಂದ ಬೆರಳಿಗೂ ಬಲ ಬರುತ್ತದೆ, ನಾಳೆ ಬಳಪ ಹಿಡಿಯಲು ಅದೇ ಬೇಕು. ಮೂರು ವರ್ಷದ ಎಳೆ ಬೆರಳಿಗೆ ಪೆನ್ಸಿಲ್ ಸಿಕ್ಕಿಸಿ ಪುಟಗಟ್ಟಲೆ ತಿದ್ದಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಚೌಕಾಬಾರ ಆಡಿಸಿ. ಮೂರು ಕವಡೆ ಮೇಲ್ಮುಖವಾದರೆ ಮೂರು ಮನೆ, ನಾಲ್ಕೂ ಆದರೆ ನಾಲ್ಕು, ಎಲ್ಲ ಕವುಚಿ ಬಿದ್ದರೆ ಎಂಟು. ಕವಡೆ ನೋಡಿದ ಕೂಡಲೇ ಎಣಿಸದೆ ಸಂಖ್ಯೆ ಹೇಳುವುದು, ಅಷ್ಟು ಮನೆ ಕಾಯಿ ನಡೆಸುವುದು, ಇದು ಕೂಡುವ ಲೆಕ್ಕದ ಬೇರು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಅಳಗುಳಿ ಮಣೆ ಇದ್ದರೆ ಇಳಿಸಿ. ಕಾಳಿಗೆ ಹುಣಸೆ ಬೀಜ ಸಾಕು. ಗುಲಗಂಜಿ ಬೇಡ, ಅದು ವಿಷ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿನ ಹತ್ತಿರ ಯಾವ ಬೀಜವನ್ನೂ ಬಿಡಬೇಡಿ.

ಇನ್ನೊಂದು ವಿಷಯ ಕಾನ್ವೆಂಟಿನವರು ನಿಮಗೆ ಹೇಳುವುದಿಲ್ಲ. ಎಣಿಕೆ ಕಲಿಯಲು ನಮ್ಮ ಕನ್ನಡ ಇಂಗ್ಲಿಷಿಗಿಂತ ಸುಲಭ. ಹನ್ನೊಂದು ಎಂದರೆ ಹತ್ತು ಮತ್ತು ಒಂದು, ಹನ್ನೆರಡು ಎಂದರೆ ಹತ್ತು ಮತ್ತು ಎರಡು, ಮೂವತ್ತು ಎಂದರೆ ಮೂರು ಹತ್ತು. ಪದದೊಳಗೇ ಲೆಕ್ಕ ಇದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಕೇಳಿದರೆ ಅದರಲ್ಲಿ ಹತ್ತು ಎಲ್ಲಿದೆ ಎಂದು ಮಗುವಿಗೆ ತಿಳಿಯುವುದಿಲ್ಲ. ಹತ್ತು ಕಡ್ಡಿಗೆ ಒಂದು ದಾರ ಕಟ್ಟಿ ಕಟ್ಟು ಮಾಡಿ. ಎರಡು ಕಟ್ಟು, ಮೂರು ಬಿಡಿ ಕಡ್ಡಿ, ಇಪ್ಪತ್ತಮೂರು. ಅದರಲ್ಲಿ ಐದು ಕೊಡು ಎಂದರೆ ಬಿಡಿ ಸಾಲದು, ಒಂದು ಕಟ್ಟು ಬಿಚ್ಚಬೇಕು. ಮೂರನೇ ತರಗತಿಯ ಮಕ್ಕಳು ತಡವರಿಸುವ 'ದಶಕ ತೆಗೆದು ಕಳೆಯುವ' ಲೆಕ್ಕ ಇಷ್ಟೇ. ಮನೆಯಲ್ಲಿ ಕಟ್ಟು ಬಿಚ್ಚಿ ಆಡಿದ ಮಗು ಅದಕ್ಕೆ ಹೆದರುವುದಿಲ್ಲ.

ಓದು ಶುರುವಾಗುವುದು ಕಿವಿಯಿಂದ

ಅಕ್ಷರಕ್ಕೂ ಮೊದಲು ಮಾತು ಬೇಕು. ಅಜ್ಜಿಯ ಕತೆ, ಒಗಟು, ಶಿಶುಪ್ರಾಸ. 'ಸ ಇಂದ ಶುರುವಾಗುವ ಪದ ಹೇಳು' ಎಂಬ ಆಟ. ಸರ, ಸಗಣಿ, ಸಂತೆ, ಸಜ್ಜೆ ಎಂದು ಮಗು ಹೇಳುತ್ತ ಹೋದರೆ ಅರ್ಧ ಓದು ಬಂದಂತೆಯೇ. ಮನೆಮಾತು ತುಳುವೋ ಕೊಂಕಣಿಯೋ ಲಂಬಾಣಿಯೋ ಉರ್ದುವೋ ತೆಲುಗೋ ಆಗಿದ್ದರೆ ಆ ಮಾತಿನಲ್ಲೇ ಆಡಿಸಿ. ಒಂದು ಮಾತಿನಲ್ಲಿ ಶಬ್ದ ಬಿಡಿಸುವುದನ್ನು ಕಲಿತ ಕಿವಿ ಇನ್ನೊಂದಕ್ಕೂ ಬೇಗ ಒಗ್ಗುತ್ತದೆ.

ಅಕ್ಷರವನ್ನು ಅ, ಆ, ಇ, ಈ ಎಂದು 49ನ್ನೂ ಕಂಠಪಾಠ ಮಾಡಿಸಿ ಶುರುಮಾಡಬೇಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿಯಲ್ಲಿ ಒಳ್ಳೆಯ ದಾರಿ ಇದೆ. 1990ರ ದಶಕದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಮೊದಲು ಕಲಿಸುವುದು ಐದೇ ಅಕ್ಷರ: ರ, ಗ, ಸ, ದ, ಅ. ನೋಡಿ, ಈ ಐದರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಬಂತು. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ಮಗ, ಬಸವ. ಹತ್ತು ಅಕ್ಷರಕ್ಕೆ ಮಗು ಪದ ಓದುತ್ತದೆ, ಓದಿದ್ದು ಅರ್ಥವಾಗುತ್ತದೆ.

ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ಬರೆಸಿ. ನಾಲ್ಕೂವರೆ, ಐದು ವರ್ಷಕ್ಕೆ ಶುರುಮಾಡಿದರೆ ಸಾಕು, ವಾರಕ್ಕೆ ಒಂದೋ ಎರಡೋ ಅಕ್ಷರ. ಕಾಗುಣಿತ, ಒತ್ತಕ್ಷರ ಶಾಲೆಗೆ ಬಿಡಿ. ಕನ್ನಡದಲ್ಲಿ ಗುರುತುಗಳು ಹೆಚ್ಚು, ಅದಕ್ಕೆ ಸಮಯ ಬೇಕೇ ಬೇಕು. ಆದರೆ ಒಂದು ಅನುಕೂಲ ಇದೆ: ಅಕ್ಷರದ ಹೆಸರೇ ಅದರ ಶಬ್ದ. 'ಸಿ' ಎಂದು ಕಲಿಸಿ ಕ್ಯಾಟ್‌ನಲ್ಲಿ ಅದನ್ನೇ 'ಕ' ಎಂದು ಓದಿಸುವ ಗೋಜು ಕನ್ನಡದಲ್ಲಿಲ್ಲ. ಐದು ವರ್ಷದ ಮಗುವಿಗೆ ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಶಬ್ದ, ಗೊತ್ತಿಲ್ಲದ ಅಕ್ಷರ ಮೂರನ್ನೂ ಒಟ್ಟಿಗೆ ಹೊರಿಸಿದರೆ ಅದು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ.

'ಹಾಗಾದರೆ ಇಂಗ್ಲಿಷ್ ಬೇಡವೇ?' ಬೇಕು. ಕೆಲಸಕ್ಕೆ ಬೇಕು, ಕೋರ್ಟಿಗೆ ಬೇಕು, ಫೋನಿಗೂ ಬೇಕು. ಕನ್ನಡದ ಅಭಿಮಾನಕ್ಕೆ ನಿಮ್ಮ ಮಗುವನ್ನು ಒತ್ತೆ ಇಡಿ ಎಂದು ನಾವು ಕೇಳುತ್ತಿಲ್ಲ. ವೇದಿಕೆಯಲ್ಲಿ ಕನ್ನಡ ಕನ್ನಡ ಎಂದು ಕೂಗಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವವರನ್ನು ನೀವೂ ನೋಡಿದ್ದೀರಿ, ನಾವೂ ನೋಡಿದ್ದೇವೆ. ನಮ್ಮ ವಾದ ಕಲಿಕೆಯದ್ದು. ಓದುವುದನ್ನು ಮಗು ಒಂದೇ ಸಲ ಕಲಿಯುತ್ತದೆ. ಗೊತ್ತಿರುವ ಭಾಷೆಯಲ್ಲಿ ಆ ಗುಟ್ಟು ಸಿಕ್ಕಿದರೆ ಆಮೇಲೆ ಇಂಗ್ಲಿಷಿಗೆ ಹೊಸ ಅಕ್ಷರ, ಹೊಸ ಪದ ಕಲಿತರಾಯಿತು. ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅದನ್ನು ಚೆನ್ನಾಗಿ ಕಲಿಸಿ ಎಂದು ಜಗಳ ಮಾಡೋಣ.

ಹೆದರಿಸುವವರಿಗೆ ಹೆದರಬೇಡಿ

'ಎಲ್‌ಕೆಜಿ, ಯುಕೆಜಿ ಮಾಡದಿದ್ದರೆ ಒಂದನೇ ತರಗತಿಗೆ ಸೀಟು ಸಿಗಲ್ಲ' ಎಂದು ಹೆದರಿಸುತ್ತಾರೆ. ನಿಮ್ಮೂರಿನ ಸರ್ಕಾರಿ ಶಾಲೆ ಅಂಥ ಪ್ರಮಾಣಪತ್ರ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವುದನ್ನು ಅದೇ ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಕಲಿಸಿ ಎಂದರೆ ಅಮ್ಮನ ತಲೆಗೆ ಇನ್ನೊಂದು ಕೆಲಸ ಕಟ್ಟಿ ಎಂದಲ್ಲ. ಕಳೆ ಕಿತ್ತು, ಕೂಲಿ ಮುಗಿಸಿ, ಒಲೆ ಹಚ್ಚುವವಳಿಗೆ ಅಷ್ಟೇ ಸಾಕಾಗಿದೆ. ದೊಡ್ಡ ಮಗಳ ಓದು ಬಿಡಿಸಿ ತಮ್ಮನಿಗೆ ಟೀಚರ್ ಮಾಡಿ ಎಂದೂ ಅಲ್ಲ. ಅಪ್ಪಂದಿರೇ, ಈ ಮಾತು ನಿಮಗೆ. ರಾತ್ರಿ ರೀಲ್ಸ್ ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಮಗುವಿಗೆ ಕೊಡಿ. ಕತೆ ಹೇಳಿ, ಬೀಜ ಎಣಿಸಿ, ಪೇಪರಿನ ದೊಡ್ಡ ಅಕ್ಷರದಲ್ಲಿ 'ಸ' ಎಲ್ಲಿದೆ ಹುಡುಕಿಸಿ. ಮಗುವಿಗೆ ಬೇಜಾರಾದರೆ ಅಲ್ಲಿಗೆ ನಿಲ್ಲಿಸಿ. ಹೊಡೆದು, ಬೈದು ಕಲಿಸುವುದಾದರೆ ಕಲಿಸಲೇಬೇಡಿ.

ಹಗಲಿಗೆ ಅಂಗನವಾಡಿ ಇದೆ. 1975ರಲ್ಲಿ ಶುರುವಾದ ಈ ಯೋಜನೆಯನ್ನು ನಾವು ಊಟ, ಮೊಟ್ಟೆ, ತೂಕದ ಕೇಂದ್ರ ಎಂದುಕೊಂಡಿದ್ದೇವೆ. 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡುವುದೂ ಅದರ ಕೆಲಸವೇ. ಆದರೆ ಕಾರ್ಯಕರ್ತೆಯನ್ನು ಸರ್ಕಾರ ಬಿಟ್ಟರೆ ತಾನೇ? ಸಮೀಕ್ಷೆ, ಚುನಾವಣೆ, ರಿಜಿಸ್ಟರ್, ಮೊಬೈಲ್ ಆ್ಯಪ್, ಎಲ್ಲವೂ ಅವರ ಮೇಲೆಯೇ. 'ಮನೆಯಲ್ಲಿ ಕಲಿಸಿ' ಎಂಬ ನಮ್ಮ ಮಾತನ್ನು ಹಿಡಿದು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅಂಗನವಾಡಿ ಅಕ್ಕನಿಗೆ ದಿನಕ್ಕೆ ಎರಡು ಗಂಟೆಯಾದರೂ ಮಕ್ಕಳ ಜೊತೆ ಕೂರಲು ಬಿಡಬೇಕು, ಆ ಹೊತ್ತಿನಲ್ಲಿ ಬೇರೆ ಕೆಲಸ ಹೇಳಬಾರದು, ಅವರ ಗೌರವಧನ ಗೌರವ ಎನ್ನುವಂತಿರಬೇಕು. ಊರಿನ ಮಕ್ಕಳೆಲ್ಲ ವ್ಯಾನ್ ಹತ್ತಿ ಹೋದ ಮೇಲೆ ಇದನ್ನು ಕೇಳುವ ಬಾಯಿ ಯಾರಿಗೆ ಉಳಿಯುತ್ತದೆ? ಕೇಂದ್ರದಲ್ಲಿ ಮಕ್ಕಳಿಲ್ಲ ಎಂದು ಬಾಗಿಲು ಹಾಕುವುದು ಸರ್ಕಾರಕ್ಕೆ ಬಲು ಸುಲಭ.

ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬುದನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಯದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿತು. ಸರಿ, ಆಯ್ಕೆ ನಮ್ಮದೇ. ಹಾಗಿದ್ದರೆ ಅದನ್ನು ಕರೆಂಟ್ ಕಂಬದ ಪೋಸ್ಟರಿಗೆ ಏಕೆ ಬಿಟ್ಟುಕೊಡಬೇಕು?

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ನಮ್ಮ ಅಂಗನವಾಡಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ಮಕ್ಕಳಿಗೆ ಕಲಿಸಲಾಗುತ್ತಿದೆ? ಪಂಚಾಯಿತಿ ಗ್ರಂಥಾಲಯದಲ್ಲಿ ಚಿತ್ರ ಇರುವ ಮಕ್ಕಳ ಕನ್ನಡ ಪುಸ್ತಕ ಎಷ್ಟಿವೆ, ಮನೆಗೆ ಕೊಡುತ್ತಾರೆಯೇ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಫೋಟೊ ನಮಗೆ ಕಳಿಸಿ. ಊರು ಊರಿನ ಉತ್ತರ ಒಟ್ಟು ಮಾಡಿ ನಾವು ಇಲ್ಲಿ ಹಾಕುತ್ತೇವೆ.